ಆರ್ಡರ್ ಫಾರ್ಮ್ ಇದ್ದರೂ ಗಿರಾಕಿ ಫೋನೇ ಮಾಡುತ್ತಾರಾ? ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಮೈಸೂರು, ಮಂಡ್ಯ ಕಡೆ ಈಗ ಬೆಲ್ಲದವರು, ಅಕ್ಕಿಯವರು, ಅಗರಬತ್ತಿಯವರು, ಹೋಮ್‌ಸ್ಟೇ ನಡೆಸುವವರು ಬಹಳಷ್ಟು ಜನ ವೆಬ್‌ಸೈಟ್ ಮಾಡಿಸಿಕೊಂಡಿದ್ದಾರೆ. ಅದರಲ್ಲಿ ಆರ್ಡರ್ ಫಾರ್ಮ್ ಕೂಡ ಇರುತ್ತದೆ. ಆದರೂ ಗಿರಾಕಿ ಸೈಟ್ ನೋಡಿ ಫೋನ್ ಮಾಡುತ್ತಾರೆ, ಇಲ್ಲವೇ ಸುಮ್ನೆ ಹೊರಟುಹೋಗುತ್ತಾರೆ. ಆಗ ಅಂಗಡಿಯವರು ಡೆವಲಪರ್‌ಗೆ ಫೋನ್ ಮಾಡಿ "ಸೈಟನ್ನ ಪೂರ್ತಿ ಹೊಸದಾಗಿ ಮಾಡಿಕೊಡಿ" ಅನ್ನುತ್ತಾರೆ. ಒಂದು ಬಲ್ಬ್ ಉರಿಯದಿದ್ದರೆ ಇಡೀ ಮನೆಯ ವೈರಿಂಗ್ ಕೀಳಿಸುತ್ತೇವಾ? ಮೊದಲು ಬಲ್ಬ್ ಬದಲಾಯಿಸಿ ನೋಡುತ್ತೇವೆ, ಅಲ್ವಾ?

ಫಾರ್ಮ್ ವಿಷಯದಲ್ಲೂ ಅಷ್ಟೇ. ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿ. ಖರ್ಚಿಲ್ಲದ ಪರೀಕ್ಷೆ ಮೊದಲು, ದುಬಾರಿ ಕೆಲಸ ಕೊನೆಗೆ. ಇಲ್ಲಿ ಮಂಡ್ಯದ ಬೆಲ್ಲ ಮಾರುವ ಸೈಟನ್ನ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ರೂಮ್ ಬುಕಿಂಗ್ ಇರಲಿ, ಕ್ಲಾಸ್‌ಗೆ ಹೆಸರು ನೋಂದಾಯಿಸುವುದಿರಲಿ, ಹುಡುಕುವ ದಾರಿ ಒಂದೇ.

ಕೈ ಹಾಕುವ ಮುಂಚೆ

ಸೈಟ್‌ನ ಪೂರ್ತಿ ಬ್ಯಾಕಪ್ ತೆಗೆದಿಡಿ. ಸಂಕ್ರಾಂತಿಯೋ ದಸರಾನೋ ಹತ್ತಿರ ಇದ್ದರೆ ದೋಷ ಹುಡುಕಿ, ಪಟ್ಟಿ ಮಾಡಿ, ಆದರೆ ಬದಲಾವಣೆ ಹಬ್ಬ ಮುಗಿದ ಮೇಲೆ ಮಾಡಿ. ವ್ಯಾಪಾರ ಜೋರಾಗಿರುವಾಗ ಫಾರ್ಮ್ ಕೆಟ್ಟರೆ ಆ ನಷ್ಟ ತುಂಬಿಕೊಳ್ಳಲು ಆಗಲ್ಲ.

ಆಮೇಲೆ ನಿಮ್ಮ ಫೋನ್ ತೆಗೆದುಕೊಳ್ಳಿ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ಇನ್‌ಕಾಗ್ನಿಟೊದಲ್ಲಿ (ಹಳೆಯದನ್ನ ನೆನಪಿಡದ ಬ್ರೌಸರ್ ಕಿಟಕಿಯಲ್ಲಿ) ಸೈಟ್ ತೆರೆಯಿರಿ. ನಿಮ್ಮದೇ ಅಂಗಡಿಯಿಂದ ಒಂದು ಕೆಜಿ ಬೆಲ್ಲ ನಿಜವಾದ ದುಡ್ಡು ಕೊಟ್ಟು ಆರ್ಡರ್ ಮಾಡಿ. ಇನ್‌ಕಾಗ್ನಿಟೊ ಯಾಕೆ ಅಂದರೆ, ನಿಮ್ಮ ಬ್ರೌಸರ್‌ಗೆ ನಿಮ್ಮ ಹೆಸರು, ವಿಳಾಸ, ಲಾಗಿನ್ ಎಲ್ಲ ನೆನಪಿರುತ್ತದೆ. ಹೊಸ ಗಿರಾಕಿಯ ಫೋನಿನಲ್ಲಿ ಅದ್ಯಾವುದೂ ಇರಲ್ಲ. ಇನ್‌ಸ್ಟಾಗ್ರಾಂ ನೋಡಿ ಬರುವವರು ಜಾಸ್ತಿ ಇದ್ದರೆ ಆ ಆಪ್ ಒಳಗಿಂದಲೇ ಲಿಂಕ್ ಒತ್ತಿ ನೋಡಿ. ಆಪ್ ಒಳಗಿನ ಬ್ರೌಸರ್‌ನಿಂದ ಯುಪಿಐ ಆಪ್ ತೆರೆದುಕೊಳ್ಳದೇ ಇರುವುದುಂಟು. ಈ ಒಂದು ಆರ್ಡರ್‌ನಲ್ಲೇ ಎಷ್ಟೋ ದೋಷ ಸಿಕ್ಕಿಬೀಳುತ್ತವೆ.

ಲಕ್ಷಣ: ಫೋನ್ ನಿಲ್ಲಲ್ಲ, ಕೇಳುವ ಪ್ರಶ್ನೆಯೂ ಬದಲಾಗಲ್ಲ

ಇದಕ್ಕೆ ಬೇಕಾಗಿರುವುದು ಒಂದು ನೋಟ್‌ಬುಕ್, ಒಂದು ಪೆನ್ನು. ಫೋನ್ ಪಕ್ಕದಲ್ಲೇ ಇಡಿ. ಯಾರೇ ಫೋನ್ ಎತ್ತಿದರೂ ಗಿರಾಕಿ ಕೇಳಿದ್ದನ್ನ ಅವರ ಮಾತಿನಲ್ಲೇ ಬರೆಯಬೇಕು. "ಡೆಲಿವರಿ ವಿಚಾರ" ಅಂತ ಬರೆದರೆ ಏನೂ ಗೊತ್ತಾಗಲ್ಲ. "ಮಳವಳ್ಳಿಗೆ ಕಳಿಸ್ತೀರಾ ಸಾರ್?" ಅಂತಲೇ ಬರೆಯಿರಿ.

ಒಂದೆರಡು ವಾರ ಕಳೆದ ಮೇಲೆ ಪುಟ ತಿರುವಿ. "ಡೆಲಿವರಿ ಚಾರ್ಜ್ ಎಷ್ಟು?" ಅಂತ ಪದೇ ಪದೇ ಬಂದಿದ್ದರೆ, ಆ ಮೊತ್ತ ಫಾರ್ಮ್‌ನ ಕೊನೇ ಪುಟದಲ್ಲಿ ಮಾತ್ರ ಕಾಣುತ್ತಿದೆ ಅಂತ ಅರ್ಥ. ಬೆಲೆಯ ಪಕ್ಕದಲ್ಲೇ ಹಾಕಿ. "ಕೆಮಿಕಲ್ ಹಾಕಿದ್ದೀರಾ?" ಅನ್ನುವುದು ಫಾರ್ಮ್‌ನ ದೋಷವೇ ಅಲ್ಲ, ನಂಬಿಕೆಯ ಪ್ರಶ್ನೆ. ನಿಮ್ಮ ಆಲೆಮನೆಯ ಫೋಟೊ, ಬೆಲ್ಲದ ಬಣ್ಣ ಯಾಕೆ ಹೀಗಿದೆ ಅನ್ನುವ ವಿವರ ಹಾಕಿದರೆ ಕೆಲಸವಾಗುತ್ತದೆ. "ಆರ್ಡರ್ ಹಾಕ್ದೆ, ನಿಮಗೆ ಬಂತಾ?" ಅಂತ ಕೇಳುತ್ತಿದ್ದರೆ ಆರ್ಡರ್ ಮುಗಿದ ಮೇಲೆ ಕಾಣುವ ಪುಟದಲ್ಲಿ ಏನೋ ಕೊರತೆ ಇದೆ. ಆರ್ಡರ್ ನಂಬರ್, ಏನು ತೆಗೆದುಕೊಂಡರು, ಯಾವಾಗ ತಲುಪುತ್ತದೆ ಈ ಮೂರೂ ಅಲ್ಲಿರಬೇಕು. ಒಂದು ಮೆಸೇಜ್ ಕೂಡ ಹೋಗಬೇಕು.

ಕೆಲವರಿಗೆ ಮಾತಾಡಿಯೇ ಕೊಳ್ಳಬೇಕು ಅನ್ನಿಸುತ್ತದೆ. ಅದು ದೋಷವಲ್ಲ. ಅವರನ್ನ ಫಾರ್ಮ್ ಕಡೆಗೆ ತಳ್ಳಬೇಡಿ, ಫೋನ್ ನಂಬರನ್ನ ಬಚ್ಚಿಡಲೂ ಬೇಡಿ. ನಂಬರ್ ತೆಗೆದರೆ ಫಾರ್ಮ್ ಆರ್ಡರ್ ಹೆಚ್ಚುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಲಕ್ಷಣ: ಸೈಟ್‌ಗೆ ಬರುತ್ತಾರೆ, ಫಾರ್ಮ್‌ವರೆಗೆ ಬರಲ್ಲ

ಸೈಟ್‌ಗೆ ಬಂದವರ ಲೆಕ್ಕ ಇಡುವ ಅನಾಲಿಟಿಕ್ಸ್ ತೆರೆದು ನಾಲ್ಕು ಸಂಖ್ಯೆ ಬರೆದುಕೊಳ್ಳಿ: ಬೆಲ್ಲದ ಪುಟ ನೋಡಿದವರು, ಫಾರ್ಮ್ ತೆರೆದವರು, ದುಡ್ಡು ಕಟ್ಟುವ ಪುಟಕ್ಕೆ ಬಂದವರು, ಆರ್ಡರ್ ಮುಗಿಸಿದವರು. ಎಲ್ಲಿ ದೊಡ್ಡ ಕುಸಿತ ಇದೆಯೋ ಅಲ್ಲಿ ಹುಡುಕಿ. ಸಂಖ್ಯೆ ಜಾಗ ತೋರಿಸುತ್ತದೆ, ಕಾರಣ ಹೇಳಲ್ಲ.

ಮೊದಲ ಹಂತದಲ್ಲೇ ಕುಸಿದಿದ್ದರೆ ಪುಟ ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಕ್ಯಾಮೆರಾದಿಂದ ಬಂದ ಫೋಟೊವನ್ನ ಚಿಕ್ಕದು ಮಾಡದೆ ಹಾಗೇ ಏರಿಸಿರುವುದು ಇಲ್ಲಿ ಮಾಮೂಲಿ ಕಾರಣ. ವೇಗ ಸರಿ ಇದ್ದರೆ ಬಟನ್ ನೋಡಿ. ವಾಟ್ಸಾಪ್‌ನ ಹಸಿರು ಗುಂಡು ಬಟನ್ ಪುಟದ ಮೂಲೆಯಲ್ಲಿ ತೇಲುತ್ತಿರುತ್ತದಲ್ಲ, ಅದು ಚಿಕ್ಕ ಫೋನಿನಲ್ಲಿ "ಆರ್ಡರ್ ಮಾಡಿ" ಬಟನ್ ಮೇಲೆಯೇ ಕೂತಿರಬಹುದು.

ಕನ್ನಡ ಅಕ್ಷರಗಳನ್ನೂ ಗಮನಿಸಿ. ಇಂಗ್ಲಿಷ್‌ಗೆ ಅಂತ ಅಳತೆ ಮಾಡಿದ ಬಟನ್‌ನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ. ಬಟನ್‌ಗೆ ಇಷ್ಟೇ ಎತ್ತರ ಅಂತ ಕಟ್ಟಿಹಾಕದೆ, ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇರಲಿ ಅಂತ ಡೆವಲಪರ್‌ಗೆ ಹೇಳಿ. ಹಳೇ ನುಡಿ ತಂತ್ರಾಂಶದ ಫೈಲ್‌ನಿಂದ ಕಾಪಿ ಮಾಡಿದ ಬರಹ ಸೈಟ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಅದು ಯುನಿಕೋಡ್ (ಎಲ್ಲ ಫೋನ್, ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಪರಿವರ್ತಕದಲ್ಲಿ ಹಾಕಿ ಬದಲಾಯಿಸಬೇಕು. ಹುಡುಕುವ ಪೆಟ್ಟಿಗೆ ಇದ್ದರೆ ಅಚ್ಚು ಬೆಲ್ಲ ಅಂತ ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ರೀತಿಯಲ್ಲೂ ಹೊಡೆದು ನೋಡಿ. ಜನ ಒಂದೇ ಥರ ಬರೆಯಲ್ಲ.

ಲಕ್ಷಣ: ಅರ್ಧ ತುಂಬಿ ಬಿಟ್ಟು ಹೋಗುತ್ತಾರೆ

ನನ್ನ ಅನುಭವದಲ್ಲಿ ಹೆಚ್ಚಿನ ಆರ್ಡರ್‌ಗಳು ಕೈತಪ್ಪುವುದು ಇಲ್ಲೇ. ಹಾಗಾಗಿ ನಿಧಾನಕ್ಕೆ ನೋಡೋಣ.

ಪಾಂಡವಪುರ ಕಡೆಯ ಒಬ್ಬ ಗೃಹಿಣಿ ಒಂದು ಬೆಲ್ಲದ ಸೈಟ್‌ನಲ್ಲಿ ಎಲ್ಲ ತುಂಬಿ "ಮುಂದಕ್ಕೆ" ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಫೋನನ್ನ ಕಿಟಕಿ ಕಡೆ ಹಿಡಿದು ಇನ್ನೊಂದು ಸಲ ಒತ್ತಿದರು. "ನೆಟ್‌ವರ್ಕ್ ಸಿಗ್ತಿಲ್ಲ ಕಣಪ್ಪ" ಅಂದು ಫೋನ್ ಕೆಳಗಿಟ್ಟರು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಹೆಸರಿಗೆ ಎರಡು ಖಾನೆ ಇದ್ದವು. ಎರಡನೆಯದರಲ್ಲಿ ಅವರು ತಮ್ಮ ಇನಿಷಿಯಲ್ "ಕೆ" ಹಾಕಿದ್ದರು. ಕನಿಷ್ಠ ಎರಡು ಅಕ್ಷರ ಬೇಕು ಅಂತ ಕೆಂಪು ಸಾಲು ಮೂಡಿತ್ತು, ಆದರೆ ಪುಟದ ಮೇಲ್ತುದಿಯಲ್ಲಿ. ಅವರಿದ್ದದ್ದು ಪುಟದ ಕೆಳತುದಿಯಲ್ಲಿ. ಆ ಸಾಲು ಅವರ ಕಣ್ಣಿಗೆ ಬೀಳಲೇ ಇಲ್ಲ.

ಇದರಲ್ಲಿ ಎರಡು ದೋಷ ಇವೆ. ನಮ್ಮ ಕಡೆ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇರಲ್ಲ, ಇನಿಷಿಯಲ್ ಮಾತ್ರ. ಹೆಸರಿಗೆ ಒಂದೇ ಖಾನೆ ಸಾಕು. ಅದು ಕನ್ನಡ ಅಕ್ಷರ, ಚುಕ್ಕಿ, ಒಂಟಿ ಅಕ್ಷರ ಎಲ್ಲವನ್ನೂ ಒಪ್ಪಬೇಕು. ಎರಡನೆಯದಾಗಿ, ತಪ್ಪನ್ನ ಅದೇ ಖಾನೆಯ ಕೆಳಗೆ ತೋರಿಸಬೇಕು, ಪುಟ ತಾನೇ ಅಲ್ಲಿಗೆ ಸರಿಯಬೇಕು. "ಅಮಾನ್ಯ ನಮೂದು" ಅಂತ ಹಾಕಬೇಡಿ. "ಮೊಬೈಲ್ ನಂಬರ್‌ನಲ್ಲಿ 10 ಅಂಕಿ ಇರಬೇಕು, 9 ಇದೆ" ಅಂತ ಹೇಳಿ.

ಮೊಬೈಲ್ ನಂಬರ್ ಖಾನೆಯಲ್ಲಿ ಇನ್ನೊಂದು ತೊಡಕಿದೆ. ಖಾನೆಯನ್ನ 10 ಅಕ್ಷರಕ್ಕೆ ಕಟ್ಟಿಹಾಕಿದ್ದರೆ, ಯಾರಾದರೂ +91 ಸಮೇತ ನಂಬರ್ ಪೇಸ್ಟ್ ಮಾಡಿದಾಗ ಕೊನೆಯ ಮೂರು ಅಂಕಿ ಸದ್ದಿಲ್ಲದೆ ಬಿದ್ದುಹೋಗುತ್ತವೆ. ಕೆಲವು ಸೈಟ್ ಅದನ್ನ ಹಾಗೇ ತೆಗೆದುಕೊಂಡುಬಿಡುತ್ತವೆ. ಪಾರ್ಸೆಲ್ ಊರಿಗೆ ಬಂದಿರುತ್ತದೆ, ಡೆಲಿವರಿ ಹುಡುಗನಿಗೆ ನಂಬರ್ ಸಿಗಲ್ಲ. +91, ಮುಂದಿನ ಸೊನ್ನೆ, ನಡುವಿನ ಖಾಲಿ ಜಾಗ ಎಲ್ಲವನ್ನೂ ಒಪ್ಪಿಕೊಂಡು ಸೈಟೇ ಶುಚಿ ಮಾಡಿಕೊಳ್ಳಬೇಕು. ೯೮ ಅಂತ ಕನ್ನಡ ಅಂಕಿ ಹೊಡೆದರೂ ನಡೆಯಬೇಕು. ಈ ಖಾನೆ ಒತ್ತಿದಾಗ ಅಂಕಿಗಳ ಕೀಪ್ಯಾಡೇ ಬರುವಂತೆ ಮಾಡಿಸಿದರೆ ಅರ್ಧ ತಾಪತ್ರಯ ಅಲ್ಲಿಗೇ ಮುಗಿಯುತ್ತದೆ.

ವಿಳಾಸಕ್ಕೆ ಬನ್ನಿ. ಕುವೆಂಪುನಗರದವರಿಗೆ ಮನೆ ನಂಬರ್, ಕ್ರಾಸ್, ಬ್ಲಾಕ್ ಎಲ್ಲ ಬಾಯಿಪಾಠ. ಮದ್ದೂರು ತಾಲ್ಲೂಕಿನ ಹಳ್ಳಿಯವರಿಗೆ "ಮನೆ ನಂಬರ್ ಕಡ್ಡಾಯ" ಅಂದರೆ ಅಲ್ಲೇ ನಿಂತುಬಿಡುತ್ತಾರೆ. ಅವರು ಹೇಳುವುದು "ಡೈರಿ ಎದುರು, ಮಾರಮ್ಮನ ಗುಡಿ ಪಕ್ಕ" ಅಂತ. ಡೆಲಿವರಿ ಹುಡುಗನಿಗೆ ಬೇಕಾಗಿರುವುದೂ ಅದೇ. ಗುರುತಿನ ಜಾಗಕ್ಕೆ ಒಂದು ಖಾನೆ ಕೊಡಿ, ಮನೆ ನಂಬರನ್ನ ಐಚ್ಛಿಕ ಮಾಡಿ.

ಊರಿನ ಉದ್ದ ಪಟ್ಟಿ ಇದ್ದರೆ ಅದನ್ನೂ ಪರೀಕ್ಷಿಸಿ. 2014ರ ನವೆಂಬರ್ 1ರಂದು ಮೈಸೂರು ಸೇರಿ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಇಂದಿಗೂ ಕೆಲವು ಪಟ್ಟಿಗಳಲ್ಲಿ ಹಳೆಯದೇ ಇದೆ. ಕಲಬುರಗಿಯ ನೆಂಟರಿಗೆ ಬೆಲ್ಲ ಕಳಿಸುವವರು ಕೆ ಅಕ್ಷರದಲ್ಲಿ ಹುಡುಕುತ್ತಾರೆ, ಪಟ್ಟಿಯಲ್ಲಿ ಅದು ಇನ್ನೂ ಗುಲ್ಬರ್ಗ ಆಗಿ ಜಿ ಅಕ್ಷರದಲ್ಲಿ ಕೂತಿರುತ್ತದೆ. ಇದಕ್ಕೆ ಒಳ್ಳೆ ಉಪಾಯ ಪಿನ್‌ಕೋಡನ್ನ ಮೊದಲು ಕೇಳುವುದು. 571401 ಅಂತ ಹಾಕಿದರೆ ಮಂಡ್ಯ, ಕರ್ನಾಟಕ ಎರಡೂ ತಾನಾಗಿ ತುಂಬಿಕೊಳ್ಳಲಿ. ಬೇಕಾದರೆ ತಿದ್ದುವ ಅವಕಾಶವೂ ಇರಲಿ.

ಕೊನೆಗೆ ಪ್ರತಿ ಖಾನೆಯ ಮುಂದೆ ಬೆರಳಿಟ್ಟು ಕೇಳಿಕೊಳ್ಳಿ: ಇದಿಲ್ಲದಿದ್ದರೆ ಬೆಲ್ಲ ತಲುಪಲ್ವಾ? ಜನ್ಮದಿನಾಂಕ, ಇಮೇಲ್, ಪಾಸ್‌ವರ್ಡ್ ಇಟ್ಟು ಖಾತೆ ತೆರೆಯುವುದು, ಇವೆಲ್ಲ ಬೆಲ್ಲ ಕೊಳ್ಳಲು ಬೇಡ. ಆಧಾರ್ ನಂಬರ್ ಅಂತೂ ಕೇಳಲೇಬೇಡಿ.

ಲಕ್ಷಣ: ಓಟಿಪಿ ಹಂತದಲ್ಲಿ ಸಿಕ್ಕಿಕೊಳ್ಳುತ್ತಾರೆ

ಓಟಿಪಿ ಯಾರಿಗೂ ಬರುತ್ತಿಲ್ಲ ಅಂದರೆ ಮೆಸೇಜ್‌ನ ಮಾದರಿ ನೋಡಿ. ಭಾರತದಲ್ಲಿ ವ್ಯಾಪಾರದ ಎಸ್ಸೆಮ್ಮೆಸ್ ಮಾದರಿಯನ್ನ ಮೊದಲೇ ನೋಂದಾಯಿಸಿರಬೇಕು. ನೋಂದಾಯಿಸಿದ್ದಕ್ಕೂ ಕಳಿಸುವುದಕ್ಕೂ ವ್ಯತ್ಯಾಸ ಇದ್ದರೆ ಮೊಬೈಲ್ ಕಂಪನಿಯೇ ತಡೆಯುತ್ತದೆ. ಯಾರೋ ಮೆಸೇಜ್‌ನಲ್ಲಿ ಅಂಗಡಿಯ ಹೆಸರು ತಿದ್ದಿದ್ದರೂ ಸಾಕು. ಎಸ್ಸೆಮ್ಮೆಸ್ ಸೇವೆ ಕೊಡುವವರನ್ನ ಕೇಳಿ.

ಓಟಿಪಿ ಬರುತ್ತದೆ, ಆದರೆ ಜನ ಮುಗಿಸುತ್ತಿಲ್ಲ ಅಂದರೆ ಕಥೆ ಬೇರೆ. ಕಡಿಮೆ ರ‍್ಯಾಮ್ ಇರುವ ಫೋನಿನಲ್ಲಿ ಓಟಿಪಿ ನೋಡಲು ಮೆಸೇಜ್ ಆಪ್‌ಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಬ್ರೌಸರ್ ಪುಟವನ್ನ ಮತ್ತೆ ಮೊದಲಿಂದ ತೆರೆಯುತ್ತದೆ. ತುಂಬಿದ್ದೆಲ್ಲ ಮಾಯ. ಪರೀಕ್ಷೆಗೆ ಹೊಸ ದುಬಾರಿ ಫೋನ್ ಬೇಡ, ಮನೆಯಲ್ಲಿರುವ ಹಳೇ ಫೋನ್ ತೆಗೆಯಿರಿ. ತುಂಬಿದ್ದು ಅಳಿಯದಂತೆ ಉಳಿಸುವುದು, ಓಟಿಪಿಯನ್ನ ಕೀಬೋರ್ಡ್ ಮೇಲೆಯೇ ಸೂಚಿಸುವಂತೆ ಖಾನೆಗೆ ಗುರುತು ಹಾಕುವುದು, ಎರಡೂ ಡೆವಲಪರ್‌ಗೆ ಸಣ್ಣ ಕೆಲಸ.

ಲಕ್ಷಣ: ದುಡ್ಡು ಹೋಗಿದೆ, ಆರ್ಡರ್ ಕಾಣಲ್ಲ

ಇಲ್ಲಿ ಪ್ರಯೋಗ ಮಾಡುತ್ತಾ ಕೂರಬೇಡಿ. "ಇನ್ನೊಂದು ಸಲ ಕಟ್ಟಿ ನೋಡಿ" ಅಂತ ಗಿರಾಕಿಗೆ ಹೇಳಬೇಡಿ, ಎರಡು ಸಲ ಕಡಿತವಾದೀತು. ಯುಪಿಐ ವಹಿವಾಟಿನ 12 ಅಂಕಿಯ ನಂಬರ್ ಕೇಳಿ ಪಡೆಯಿರಿ. ಪೇಮೆಂಟ್ ಗೇಟ್‌ವೇಯ (ನಿಮ್ಮ ಸೈಟ್‌ಗೆ ಆನ್‌ಲೈನ್ ದುಡ್ಡು ಪಡೆದುಕೊಡುವ ಸೇವೆ) ನಿಮ್ಮ ಖಾತೆಯಲ್ಲಿ ಹುಡುಕಿ.

ಅಲ್ಲಿ ದುಡ್ಡು ಬಂದಿದೆ ಅಂತ ತೋರಿಸಿದರೆ ಗಿರಾಕಿ, ಬ್ಯಾಂಕ್ ಇಬ್ಬರದ್ದೂ ತಪ್ಪಿಲ್ಲ. ಗೇಟ್‌ವೇ ಕಳಿಸಿದ ಸುದ್ದಿ ನಿಮ್ಮ ಸೈಟ್‌ಗೆ ಮುಟ್ಟಿಲ್ಲ. ಹೀಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನ ಡೆವಲಪರ್‌ಗಳು ವೆಬ್‌ಹುಕ್ ಅನ್ನುತ್ತಾರೆ. ಆರ್ಡರನ್ನ ಕೈಯಲ್ಲೇ ಬರೆದುಕೊಂಡು ಬೆಲ್ಲ ಕಳಿಸಿ, ಅವತ್ತೇ ಡೆವಲಪರ್ ಕರೆಯಿರಿ. ದುಡ್ಡು ಬಂದಿಲ್ಲ ಅಂತ ತೋರಿಸಿದರೆ ಅದು ಬ್ಯಾಂಕ್‌ಗಳ ನಡುವೆ ನಿಂತಿದೆ. ರಿಸರ್ವ್ ಬ್ಯಾಂಕ್‌ನ 2019ರ ಸೆಪ್ಟೆಂಬರ್ ಸುತ್ತೋಲೆ ಪ್ರಕಾರ, ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ಹೀಗೆ ನಿಂತರೆ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ದುಡ್ಡು ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ಗಿರಾಕಿಗೆ ಇದನ್ನ ಸಮಾಧಾನವಾಗಿ ತಿಳಿಸಿ.

ಬರೀ ಸ್ಕ್ರೀನ್‌ಶಾಟ್ ನಂಬಿ ಮಾಲು ಕಳಿಸಬೇಡಿ, ಅದನ್ನ ಸುಲಭವಾಗಿ ತಿದ್ದಬಹುದು. ದುಡ್ಡು ವಾಪಸ್ ಕೊಡುವ ನೆಪದಲ್ಲಿ ಯಾರಾದರೂ ಯುಪಿಐ ಪಿನ್ ಹಾಕಿಸಲು ನೋಡಿದರೆ ಅದು ಮೋಸ. ದುಡ್ಡು ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ಮೋಸ ಆಗಿದ್ದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಲಕ್ಷಣ: ಆರ್ಡರ್ ಬರುತ್ತದೆ, ಆದರೆ ಗಿರಾಕಿಗೆ ಬೇಕಿದ್ದದ್ದು ಬೇರೆ

"ಅಚ್ಚು ಬೆಲ್ಲ" ಪಕ್ಕದಲ್ಲಿ "5" ಅಂತ ಇದ್ದರೆ 5 ಅಚ್ಚೋ, 5 ಕೆಜಿಯೋ? ಅಂಗಡಿಯವರಿಗೆ ಅನುಮಾನವೇ ಇಲ್ಲ. ಕೊಳ್ಳುವವರು ತಮಗೆ ತೋಚಿದ್ದನ್ನ ಒತ್ತುತ್ತಾರೆ. ಅಳತೆ, ತೂಕ, ಒಟ್ಟು ಬೆಲೆ ಒಂದೇ ಸಾಲಿನಲ್ಲಿ ಇರಲಿ. ಅಂಗೈಯಲ್ಲಿ ಅಚ್ಚು ಹಿಡಿದಿರುವ ಫೋಟೊ ಇದ್ದರೆ ಗಾತ್ರ ತಕ್ಷಣ ತಿಳಿಯುತ್ತದೆ.

ಇಂಥ ಬದಲಾವಣೆಯನ್ನ ಸೈಟ್‌ನಲ್ಲಿ ಮಾಡಿಸುವ ಮುಂಚೆ ಕಾಗದದಲ್ಲಿ ಪರೀಕ್ಷಿಸಿ. ಫೋನ್ ಅಗಲದ ಕಾಗದದಲ್ಲಿ ಹೊಸ ಫಾರ್ಮ್ ಬರೆದು ಅಂಗಡಿಗೆ ಬಂದವರ ಮುಂದಿಡಿ. "ಅಕ್ಕ, ಎರಡು ಕೆಜಿ ಬೇಕು ಅಂದ್ರೆ ಎಲ್ಲಿ ಒತ್ತುತ್ತೀರಿ?" ಅಂತ ಕೇಳಿ. ಬೆರಳು ಎಲ್ಲಿಗೆ ಹೋಗುತ್ತದೆ ನೋಡಿ. ಕಾಗದ ಹರಿದು ಇನ್ನೊಂದು ಬರೆಯಲು ಖರ್ಚಿಲ್ಲ.

ಲಕ್ಷಣ: ಎಲ್ಲ ಸರಿ ಕಾಣುತ್ತದೆ, ಆದರೂ ಆರ್ಡರ್ ಮುಗಿಯಲ್ಲ

ಈಗ ಪಕ್ಕದಲ್ಲಿ ಕೂತು ನೋಡಲೇಬೇಕು. ಇಷ್ಟು ಉಪಯೋಗ ಬೇರೆ ಯಾವ ಪರೀಕ್ಷೆಯಿಂದಲೂ ನನಗೆ ಸಿಕ್ಕಿಲ್ಲ.

ಎಷ್ಟು ಜನ ಬೇಕು? ಬಳಕೆದಾರರ ಪರೀಕ್ಷೆಯನ್ನ ಅಧ್ಯಯನ ಮಾಡಿದ ಜೇಕಬ್ ನೀಲ್ಸನ್, ಥಾಮಸ್ ಲಾಂಡಾವರ್ 1993ರಲ್ಲಿ ಇದರ ಲೆಕ್ಕ ಮಾಡಿದರು. ಒಬ್ಬರನ್ನ ನೋಡಿದರೆ ಸರಾಸರಿ 31 ಶೇಕಡಾ ದೋಷ ಕಾಣುತ್ತದೆ ಅಂತಿಟ್ಟುಕೊಂಡರೆ, 5 ಜನಕ್ಕೆ ಸುಮಾರು 85 ಶೇಕಡಾ ಸಿಗುತ್ತದೆ. ಒಂದೇ ಬಗೆಯ ಗಿರಾಕಿಗಳಿಗೆ ಮಾತ್ರ ಈ ಲೆಕ್ಕ. ಬೆಂಗಳೂರಿನ ಐಟಿಯವರೂ ನಾಗಮಂಗಲದ ರೈತರೂ ನಿಮ್ಮಲ್ಲಿ ಕೊಳ್ಳುತ್ತಿದ್ದರೆ ಎರಡೂ ಕಡೆಯವರನ್ನ ನೋಡಿ. 15 ಜನರನ್ನ ಒಟ್ಟಿಗೆ ಕೂರಿಸುವ ಬದಲು 5 ಜನರನ್ನ ನೋಡಿ, ತಿದ್ದಿ, ಮತ್ತೆ 5 ಜನರನ್ನ ನೋಡುವುದು ಮೇಲು. ನಿಮ್ಮ ಅಣ್ಣ ತಮ್ಮ, ಡೆವಲಪರ್‌ನ ಸ್ನೇಹಿತರು ಬೇಡ. ಅವರಿಗೆ ಸೈಟ್ ಗೊತ್ತು, ನಿಮಗೆ ಬೇಜಾರು ಮಾಡಲೂ ಇಷ್ಟವಿರಲ್ಲ.

ಕೆಲಸ ಹೇಳಿ, ದಾರಿ ಹೇಳಬೇಡಿ. "ಕಾರ್ಟ್‌ಗೆ ಹಾಕಿ ಚೆಕ್‌ಔಟ್ ಒತ್ತಿ" ಅಂದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. "ಸಂಕ್ರಾಂತಿಗೆ ಮೈಸೂರಿನ ನಿಮ್ಮ ತಂಗಿ ಮನೆಗೆ ಎರಡು ಕೆಜಿ ಬೆಲ್ಲ ಕಳಿಸಬೇಕು, ಹೇಗೆ ಕಳಿಸ್ತೀರಾ ನೋಡೋಣ" ಅನ್ನಿ. ಶುರುವಿನಲ್ಲೇ ಹೇಳಿಬಿಡಿ: "ನಾವು ಪರೀಕ್ಷೆ ಮಾಡ್ತಿರೋದು ಸೈಟನ್ನ, ನಿಮ್ಮನ್ನಲ್ಲ. ಮನಸ್ಸಿಗೆ ಬಂದದ್ದನ್ನ ಬಾಯಲ್ಲಿ ಹೇಳ್ತಾ ಹೋಗಿ." ಆಮೇಲೆ ಸುಮ್ಮನಿರಿ.

ಸುಮ್ಮನಿರುವುದೇ ಕಷ್ಟ. ಗಿರಾಕಿಯ ಬೆರಳು ತಪ್ಪು ಜಾಗದಲ್ಲಿ ಸುತ್ತುತ್ತಿದ್ದರೆ ಪಕ್ಕದಲ್ಲಿರುವ ಯಜಮಾನರಿಗೆ ತಡೆಯಲಾಗಲ್ಲ. "ಅಲ್ಲೇ ಕೆಳಗಿದೆ ನೋಡಮ್ಮ" ಅಂದುಬಿಡುತ್ತಾರೆ. ಮನೆಯಲ್ಲಿ ಒಬ್ಬರೇ ಕೂತು ಕೊಳ್ಳುವಾಗ ಆ ಮಾತು ಹೇಳುವವರು ಯಾರೂ ಇರಲ್ಲ. ಅವರು "ಇಲ್ಲಿ ಒತ್ಲಾ?" ಅಂತ ಕೇಳಿದರೆ "ನೀವೊಬ್ಬರೇ ಇದ್ದಿದ್ರೆ ಏನು ಮಾಡ್ತಿದ್ರಿ?" ಅಂತ ಮರಳಿ ಕೇಳಿ. ಎಲ್ಲಿ ನಿಂತರು, ಏನಂದರು ಅನ್ನುವುದನ್ನ ಬರೆದುಕೊಳ್ಳಿ. ಕೊನೆಯಲ್ಲಿ "ಚೆನ್ನಾಗಿದೆಯಾ?" ಅಂತ ಕೇಳಿ ಫಲವಿಲ್ಲ. ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಅವರ ಮೆಚ್ಚುಗೆಗಿಂತ ಅವರ ಬೆರಳು ನಿಂತ ಜಾಗ ನಿಮಗೆ ಮುಖ್ಯ.

ಎಚ್ಚರಿಕೆ ಇಲ್ಲಿ ಜಾಸ್ತಿ ಬೇಕು. ಅವರ ಸ್ವಂತ ಯುಪಿಐ ಪಿನ್ ಹಾಕಿಸಬೇಡಿ, ಗೇಟ್‌ವೇಯಲ್ಲಿರುವ ಪರೀಕ್ಷಾ ವ್ಯವಸ್ಥೆ ಬಳಸಿ. ಸ್ಕ್ರೀನ್ ರೆಕಾರ್ಡ್ ಮಾಡುವುದಾದರೆ ಯಾಕೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಅಂತ ಹೇಳಿ ಒಪ್ಪಿಗೆ ಪಡೆಯಿರಿ. ಜನರ ಮಾಹಿತಿಯನ್ನ ಹೀಗೆ ಹೇಳಿ ಕೇಳಿಯೇ ಬಳಸಬೇಕು ಅನ್ನಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ಯಾರಿಗಾದರೂ ಮುಜುಗರ ಆಗುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಅವರ ಸಮಯಕ್ಕೆ ಒಂದು ಕೆಜಿ ಬೆಲ್ಲವನ್ನಾದರೂ ಕೊಟ್ಟು ಕಳಿಸಿ.

ಲಕ್ಷಣ: ಹೊಸ ಫಾರ್ಮ್ ಹಾಕಿದ ಮೇಲೆ ಹಳೇ ಗಿರಾಕಿಗಳು ಗೊಣಗುತ್ತಾರೆ

"ಮೊದಲಿನದೇ ಚೆನ್ನಾಗಿತ್ತು" ಅಂತ ಮೊದಲ ವಾರ ಕೇಳಿಬಂದರೆ ಗಾಬರಿ ಬೇಡ. ರೂಢಿ ತಪ್ಪಿದಾಗ ಹಾಗೆ ಅನ್ನಿಸುತ್ತದೆ. ಅದೇ ನಾಲ್ಕು ಸಂಖ್ಯೆಗಳನ್ನ ಮತ್ತೆ ಬರೆದು ಹಳೆಯದರ ಜೊತೆ ಹೋಲಿಸಿ, ಹಬ್ಬದ ವಾರವನ್ನ ಮಾಮೂಲಿ ವಾರದ ಜೊತೆ ಹೋಲಿಸಬೇಡಿ. ಕೆಲವು ವಾರ ಕಳೆದರೂ ಮುಗಿಸುವವರು ಕಡಿಮೆಯೇ ಇದ್ದರೆ ಬ್ಯಾಕಪ್‌ನಿಂದ ಹಳೆಯದನ್ನ ಮರಳಿ ತನ್ನಿ. ಅರ್ಧ ಜನಕ್ಕೆ ಹಳೆಯದು, ಅರ್ಧ ಜನಕ್ಕೆ ಹೊಸದು ತೋರಿಸಿ ಹೋಲಿಸುವ ಎ/ಬಿ ಪರೀಕ್ಷೆ ದಿನಕ್ಕೆ ಹತ್ತಾರು ಆರ್ಡರ್ ಬರುವ ಸೈಟ್‌ಗೆ ಆಗಿಬರಲ್ಲ. ಅಷ್ಟು ಕಡಿಮೆ ಸಂಖ್ಯೆಯಲ್ಲಿ ಕಂಡ ವ್ಯತ್ಯಾಸ ಬರೀ ಆಕಸ್ಮಿಕವಾಗಿರಬಹುದು.

ಯಾವಾಗ ಪರಿಣತರನ್ನ ಕರೆಯಬೇಕು

ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಂಡರೆ ಫಾರ್ಮನ್ನ ತಕ್ಷಣ ಬಂದ್ ಮಾಡಿಸಿ, ಆಮೇಲೆ ಮಾತು. ಸೈಟ್ ಕಾರ್ಡ್ ನಂಬರ್ ಉಳಿಸಿಟ್ಟುಕೊಳ್ಳುತ್ತಿದೆ ಅಂತ ಗೊತ್ತಾದರೂ ಅಷ್ಟೇ, ವ್ಯಾಪಾರಿಗಳು ಅದನ್ನ ಇಟ್ಟುಕೊಳ್ಳುವಂತಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ (ಪರದೆಯಲ್ಲಿರುವುದನ್ನ ಓದಿ ಹೇಳುವ ತಂತ್ರಾಂಶ) ಫಾರ್ಮ್ ತುಂಬಲಾಗುತ್ತಿಲ್ಲ ಅಂದರೆ ಅದನ್ನ ಬಲ್ಲ ಡೆವಲಪರ್ ಬೇಕು, ಅಂದಾಜಿನ ತಿದ್ದುಪಡಿ ಸಾಲದು. ಎರಡು ಸುತ್ತು ನೋಡಿ ತಿದ್ದಿದ ಮೇಲೂ ಜನ ಅದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಆಗ ಹೊಸ ವಿನ್ಯಾಸದ ಮಾತು ತೆಗೆಯಬಹುದು.

ಆ ಮಾತು ತೆಗೆಯುವಾಗ "ಚೆನ್ನಾಗಿ ಕಾಣಬೇಕು" ಅಂತ ಹೇಳಿ ಕಳಿಸಬೇಡಿ. ನೋಟ್‌ಬುಕ್, ನಾಲ್ಕು ಸಂಖ್ಯೆ, ಕಾಗದದ ಫಾರ್ಮ್ ಮೂರನ್ನೂ ಡೆವಲಪರ್ ಮುಂದಿಡಿ. "5 ಜನರಲ್ಲಿ 4 ಜನ ಪಿನ್‌ಕೋಡ್ ಹಾಕಿದ ಮೇಲೆ ಊರಿನ ಪಟ್ಟಿಯಲ್ಲಿ ನಿಂತರು" ಅಂತ ಒಂದು ಸಾಲು ಬರೆದು ಕೊಟ್ಟರೆ ಎಲ್ಲಿ ಕೈ ಹಾಕಬೇಕು ಅಂತ ಅವರಿಗೂ ತಿಳಿಯುತ್ತದೆ, ಬಿಲ್ ಎಷ್ಟಾಗಬೇಕು ಅಂತ ನಿಮಗೂ ಅಂದಾಜು ಸಿಗುತ್ತದೆ.